ಅಪ್ಪಾಜಿಯ ಗಂಟು

ಹೆಬ್ಬಾಳದ ಕಾರ್ಖಾನೆಯಲ್ಲಿ ಶಿಫ್ಟು ಮುಗಿಸಿ ಬಸ್ಸು ಹತ್ತಿದ ಪದ್ಮಾವತಿ, ಬ್ಯಾಂಕಿನ ಮೆಸೇಜು ನೋಡಿ ಕಣ್ಣುಜ್ಜಿಕೊಂಡಳು. ಆದಾಯ ತೆರಿಗೆಯ ರಿಫಂಡು ಬಂದಿತ್ತು. ಬರಬೇಕಾದದ್ದರಲ್ಲಿ ಕಾಲುಭಾಗವೂ ಇರಲಿಲ್ಲ. ಆ ದುಡ್ಡನ್ನು ನಂಬಿಕೊಂಡು ಅವ್ವ ಸಾಕಮ್ಮನಿಗೆ ಮಾತು ಕೊಟ್ಟಿದ್ದಳು. ಅವಳ ಕಿವಿ ಮಂದವಾಗಿ ಎಷ್ಟೋ ವರ್ಷವಾಗಿತ್ತು. ಮನೆಯಲ್ಲಿ ಮಾತೆಂದರೆ ಕೂಗಾಟ. ತಾಯಿ ಮಗಳು ದಿನಾ ಜಗಳವಾಡುತ್ತಾರೆಂದೇ ಪಕ್ಕದ ಮನೆಯವರು ತಿಳಿದಿದ್ದರು. ಕಿವಿಯ ಮಿಷನ್ನಿಗೆ ಅಳತೆ ಕೊಟ್ಟೂ ಆಗಿತ್ತು.

ಮಾರನೆಯ ದಿನ ಉದಯಗಿರಿಗೆ, ರಿಟರ್ನ್ ತುಂಬಿಕೊಡುವ ಸಿದ್ದೇಶನ ಅಂಗಡಿಗೆ ಹೋದಳು.

"ಏನ್ ಸಿದ್ದೇಶ, ತುಂಬಿದ ಬಿಂದಿಗೆ ಕೊಟ್ರೆ ತಳ ತೋರಿಸ್ತೀಯಲ್ಲಪ್ಪ?"

ಅವನು ನಗುತ್ತಲೇ ಕಂಪ್ಯೂಟರು ತೆರೆದ. ನೋಡುತ್ತಾ ನೋಡುತ್ತಾ ನಗು ಇಳಿಯಿತು.

"ನನ್ ತಪ್ಪಲ್ಲ ಕಣಕ್ಕ. ಹಿಂದಿನ ವರ್ಷದ್ದೊಂದು ತೆರಿಗೆ ಬಾಕಿ ನಿಂತದೆ. ಅದ್ನ ಈ ರಿಫಂಡಲ್ಲಿ ಮುರ್ಕೊಂಡವ್ರೆ. ಮುರ್ಕೊಳ್ಳೋ ಮುಂಚೆ ಮೇಲ್ ಹಾಕಿ ಒಪ್ಗೇನಾ ಅಂತ ಕೇಳೂ ಅವ್ರೆ."

"ಮೇಲ್ ಯಾರ್ ನೋಡ್ತಾರೆ? ಅದೆಂಥ ಬಾಕಿ?"

"ನಿಮ್ಮೆಸ್ರಲ್ಲಿ ದೊಡ್ಡ ಠೇವಣಿ ಅದೆ. ಅದ್ರ ಬಡ್ಡಿ ಆ ವರ್ಷ ತೋರಿಸ್ಲಿಲ್ಲ. ನನ್ನತ್ರ ಯಾಕಕ್ಕ ಮುಚ್ಚಿಟ್ರಿ?"

"ನಂಗೆಲ್ಲಿಯ ಠೇವಣಿ?" ಎಂದವಳಿಗೆ ಬಾಯಿ ಮುಚ್ಚುವಷ್ಟರಲ್ಲಿ ನೆನಪಾಯಿತು. ಅದು ಊರವರು ನಡೆದುಕೊಳ್ಳುವ ದೇವರು ಸಿದ್ದಪ್ಪಾಜಿಯ ಪರದ ದುಡ್ಡು.

ಊರಲ್ಲಿ ವರ್ಷಕ್ಕೊಮ್ಮೆ ಪರ. ಮನೆಮನೆಯವರೂ ದುಡ್ಡು ಹಾಕಿ, ಅಪ್ಪಾಜಿಯ ಹೆಸರಲ್ಲಿ ಒಂದೇ ಸಾಲಿನಲ್ಲಿ ಕೂತು ಉಣ್ಣುವ ಊಟ. ಆ ಗಂಟು ಹಿಂದೆ ಅವಳಪ್ಪ ಮಂಟೇಸ್ವಾಮಿಯ ಪೆಟ್ಟಿಗೆಯಲ್ಲಿತ್ತು. ಮಗಳಿಗೆ ಜ್ವರ ಏರಿದ ಒಂದು ಸಲ ಅದರಿಂದ ತೆಗೆದು, ಪರ ಬರುವುದರೊಳಗೆ ತಿರುಗಿ ಇಟ್ಟಿದ್ದ. ಇಟ್ಟದ್ದನ್ನು ಯಾರೂ ನೆನೆಯಲಿಲ್ಲ. ತೆಗೆದದ್ದನ್ನು ಅವನು ಸಾಯುವ ತನಕ ಆಡಿಕೊಂಡರು. ಎಷ್ಟೋ ಕಾಲದ ಮೇಲೆ ಊರ ಯಜಮಾನ, ವರಸೆಯಲ್ಲಿ ಅವಳಿಗೆ ದೊಡ್ಡಪ್ಪನಾದ ಮಹದೇವಯ್ಯ, "ಗಂಡಸ್ರ ಕೈಲಿದ್ರೆ ಬಾರಿಗೋಯ್ತದೆ, ಈ ಮಗಳೆಸ್ರಲ್ಲಿರ್ಲಿ" ಎಂದು ಹಟ ಹಿಡಿದು ಬ್ಯಾಂಕಿಗೆ ಹಾಕಿಸಿದ. ಗಂಡನಿಗೆ ಅಂಟಿದ್ದ ಮಸಿ ತೊಳೆಯಿತೆಂದು ಸಾಕಮ್ಮ ಅವತ್ತು ಅತ್ತಿದ್ದಳು.

"ಹಂಗಾದ್ರೆ ಆ ಠೇವಣಿಯಿಂದ್ಲೇ ತಗೊಳ್ಳಿ. ಅದ್ರ ತೆರಿಗೆ ತಾನೆ?" ಎಂದ ಸಿದ್ದೇಶ, ಅವಳು ಹೇಳಿದ್ದೆಲ್ಲ ಕೇಳಿ.

ನ್ಯಾಯವೇ. ಪದ್ಮಾವತಿ ಊರಿಗೆ ಹೇಳಿ ಕಳಿಸಿದಳು. ಭಾನುವಾರ ಮಹದೇವಯ್ಯ ಚೀಲದ ತುಂಬ ಅವರೆಕಾಯಿ ಹೊತ್ತು ಬಂದ. ಉಣ್ಣುತ್ತಾ ಎಲ್ಲ ಕೇಳಿ, ತುತ್ತು ನಿಲ್ಲಿಸಿದ.

"ಸರ್ಕಾರಾನೂ ಅಪ್ಪಾಜಿ ಪಂಕ್ತೀಲಿ ಕೂತ್ಕಂತಾ?"

"ಅಪ್ಪಾಜಿದು ಅಂತ ಅವ್ರಿಗೇನ್ ಗೊತ್ತು ದೊಡ್ಡಪ್ಪ? ಅವ್ರ ಕಣ್ಣಿಗೆ ಅದು ನನ್ ದುಡ್ಡು."

"ಅದೊಂದ್ ಮಾತು ಮಾತ್ರ ಊರಲ್ಲಿ ಆಡ್ಬೇಡ ಕಣವ್ವ."

ಮಹದೇವಯ್ಯ ನೀರು ಕುಡಿದು ಲೋಟ ಕೆಳಗಿಟ್ಟ.

"ನಾನು ನಂಬ್ತೀನಿ. ತಗೋ. ಆದ್ರೆ ಮಂಟೇಸ್ವಾಮಿ ಮಗಳಲ್ವಾ ಅನ್ನೋ ಬಾಯಿ ಇನ್ನೂ ಅವೆ."

"ಹಂಗಾದ್ರೆ ಬೇರೆಯವ್ರ ಹೆಸ್ರಿಗೆ ಮಾಡ್ಬುಡಿ."

"ಈಗ ಬುಟ್ರೆ, ತಿಂದು ಬುಟ್ಲು ಅಂತಾರೆ."

ಒಳಗಿಂದ ಸಾಕಮ್ಮ ಸಾರಿನ ಪಾತ್ರೆ ಹಿಡಿದು ಬಂದಳು. ಇವರ ಮಾತು ಒಂದೂ ಅವಳಿಗೆ ಮುಟ್ಟಿರಲಿಲ್ಲ. ಭಾವನ ತಟ್ಟೆಗೆ ಬಗ್ಗಿಸುತ್ತಾ ಮಗಳನ್ನು ಕೇಳಿದಳು:

"ಮಿಷನ್ನು ಯಾವತ್ತು ಕೊಡ್ತಾರಂತವ್ವ? ಪರಕ್ಕೆ ಮುಂಚೆ ಬಂದ್ರೆ ಸಾಕು. ಸಾಲಲ್ಲಿ ಕೂತಾಗ ಜನ ಏನೇನ್ ಮಾತಾಡ್ತಾರೆ ಅಂತ ನಾನೂ ಕೇಳ್ಬೇಕು."

ಮಹದೇವಯ್ಯ ತಟ್ಟೆಯಿಂದ ತಲೆಯೆತ್ತಲಿಲ್ಲ.

"ಗಂಟು ಹಂಗೇ ಇರ್ಲಿ ದೊಡ್ಡಪ್ಪ," ಎಂದಳು ಪದ್ಮಾವತಿ, ಮೆಲ್ಲಗೆ. ಆಮೇಲೆ ಅವ್ವನ ಕಿವಿಗೆ ಬಾಯಿಟ್ಟು, ಪಕ್ಕದ ಮನೆಗೂ ಕೇಳುವಂತೆ ಕೂಗಿದಳು:

"ಪರ ಕಳೀಲಿ ಕಣವ್ವ!"