ಅತ್ತೆ ಮನೆ ಆಟ

"ಅಕ್ಕಾ, ನಾನು ಅತ್ತೆ ಮನೆಗೆ ಹೋಗಿ ಬರ್ತೀನಿ!"

ಬೆಳಗಿನಿಂದ ಇದು ನಾಲ್ಕನೆಯ ಸಲ. ಮೂರೂವರೆ ವರ್ಷದ ಗುಂಡಿ ತನ್ನಷ್ಟೇ ಉದ್ದದ ಬಟ್ಟೆ ಚೀಲವನ್ನು ಹೆಗಲಿಗೇರಿಸಿಕೊಂಡು ಬಾಗಿಲಲ್ಲಿ ನಿಂತಿದ್ದ. ಚೀಲದೊಳಗೆ ಒಂದು ದಿಂಬು, ಒಂದು ಖಾಲಿ ಡಬ್ಬಿ. ಎಂಟು ವರ್ಷದ ಅಕ್ಕ ಅವನ ಕಾಲರ್ ಸರಿಮಾಡಿ, ದೊಡ್ಡವರ ಗತ್ತಿನಲ್ಲಿ, "ಅತ್ತೇನ ಗೋಳು ಹುಯ್ಕೋಬೇಡ. ಉಚ್ಚೆ ಬಂದ್ರೆ ಮೊದ್ಲೇ ಹೇಳು, ಆಮೇಲಲ್ಲ" ಎಂದಳು.

ಗುಂಡಿ ಹದಿನಾಲ್ಕು ಮೆಟ್ಟಿಲನ್ನು ಕುಂಡೆಯ ಮೇಲೆ ಜಾರುತ್ತಾ ಇಳಿದ. ಕೆಳಗಿನ ಕಬ್ಬಿಣದ ಗೇಟನ್ನು ಅಂಗೈಯಿಂದ ಬಡಿದು, "ಅತ್ತೆ ಮನೆ ಬಂತು!" ಎಂದು ಕೂಗಿದ. ಮೇಲಿನಿಂದ ಅಕ್ಕ, "ಹತ್ತು ಎಣಿಸು" ಎಂದಳು. ಅವನು ಎಣಿಸಿದ. ಏಳಕ್ಕೆ ಬಂದವನು ಮತ್ತೆ ಒಂದಕ್ಕೆ ಹೋದ. ಎರಡು ಸುತ್ತು ಆದ ಮೇಲೆ ಅಕ್ಕ ನಗುತ್ತಾ, "ಸಾಕು, ಬಾ" ಎಂದಳು. ಅವನು ದಡದಡ ಹತ್ತಿ ಬಂದ. ಬಾಗಿಲಲ್ಲಿ ಒಂದು ಬಿಸ್ಕತ್ತು ಎರಡು ಹೋಳಾಯಿತು. ಆಟ ಮುಗಿಯಿತು, ಮತ್ತೆ ಶುರುವಾಯಿತು.

ಒಳಗೆ ನೆಲದ ಮೇಲೆ ಕುಳಿತು ಅಂಗಿಗೆ ಗುಂಡಿ ಹಚ್ಚುತ್ತಿದ್ದ ಅಪ್ಪ ಇದನ್ನೆಲ್ಲ ನೋಡುತ್ತಿದ್ದ. ಈ ಆಟ ಹೇಳಿಕೊಟ್ಟವನು ಅವನೇ. ಸೋಮವಾರ ಸಂಜೆ ಹೊಳೆದಾಗ ತನ್ನ ಬೆನ್ನನ್ನು ತಾನೇ ತಟ್ಟಿಕೊಂಡಿದ್ದ. ಇವತ್ತು ಶುಕ್ರವಾರ, ಶಾಲೆಗೂ ಅವನ ಕಾರ್ಖಾನೆಗೂ ಸರ್ಕಾರಿ ರಜೆ. ಭಾನುವಾರ ಅವನ ತಂಗಿ ಬರುವವಳಿದ್ದಳು, ಗುಂಡಿಯನ್ನು ನಿಜವಾಗಿ ಕರೆದುಕೊಂಡು ಹೋಗಲು.

ಅಪ್ಪನದು ಮೊದಲು ಕಾಜಾ ಕೆಲಸ. ದರ್ಜಿ ಹೊಲಿದ ಅಂಗಿಯಲ್ಲಿ ಗುಂಡಿ ತೂರುವ ಸೀಳಿಗೆ ಸುತ್ತಲೂ ದಾರ ಕಟ್ಟುವುದು, ಎದುರಿಗೆ ಗುಂಡಿ ಹಚ್ಚುವುದು. ಇಪ್ಪತ್ತು ವರ್ಷ ಅದನ್ನೇ ಮಾಡಿದ್ದ. ಮನೆ ತುಂಬಾ ಗುಂಡಿಗಳು. ಮಗನಿಗೆ ಆ ಹೆಸರು ಬಂದಿದ್ದೂ ಅದರಿಂದಲೇ. ಅಂಬೆಗಾಲಿಡುವಾಗ ಒಂದು ಬಿಳಿ ಗುಂಡಿ ನುಂಗಿ, ಎರಡು ದಿನ ಇಡೀ ಸಂಸಾರವನ್ನು ತನ್ನ ಹಿಂದೆ ಕಾವಲು ತಿರುಗಿಸಿದ್ದ. ಮೂರನೆಯ ದಿನ ಅದು ಹೊರಗೆ ಬಂದಾಗ, "ತೊಳೆದು ಅದೇ ಅಂಗಿಗೆ ಹಚ್ಚಿಬಿಡಿ, ಯಾರಿಗೆ ಗೊತ್ತಾಗುತ್ತೆ" ಎಂದು ಅವನ ಅಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಹೋದ ವರ್ಷ ಅವಳು ಆಸ್ಪತ್ರೆಗೆ ಹೋಗಿ ಬರುತ್ತೇನೆಂದು ಹೋದಳು, ಬರಲಿಲ್ಲ. ಆ ದಿನ ಗುಂಡಿ ಅವಳ ಸೆರಗು ಬಿಡಲೊಲ್ಲದೆ ಅತ್ತ ಅಳು ಅಪ್ಪನ ಕಿವಿಯಿಂದ ಇವತ್ತಿಗೂ ಹೋಗಿಲ್ಲ. ಬೆರಳುಗಳನ್ನು ಒಂದೊಂದಾಗಿ ಬಿಡಿಸಿದವನು ಅವನೇ.

ಆಮೇಲಿನ ಒಂದು ವರ್ಷ ಹೇಗೆ ಕಳೆಯಿತೆಂದರೆ ಗುಂಡಿಗಳಿಂದ ಕಳೆಯಿತು. ಅಪ್ಪ ಗೋಡೆಗೊರಗಿ ಕಾಜಾ ಕಟ್ಟುವನು. ಶಾಲೆ ಮುಗಿಸಿ ಬಂದ ಮಗಳು ತಮ್ಮನನ್ನು ಎದುರಿಗೆ ಕೂರಿಸಿಕೊಂಡು ಡಬ್ಬಿ ಸುರಿಯುವಳು. ಎರಡು ತೂತಿನವು ಒಂದು ಕಡೆ, ನಾಲ್ಕು ತೂತಿನವು ಒಂದು ಕಡೆ. ಎರಡು ತೂತಿನವು ಬಡವರಂತೆ, ನಾಲ್ಕರವು ಸಾಹುಕಾರರಂತೆ; ಅವರ ನಡುವೆ ಮದುವೆ ಮಾತುಕತೆ, ಮುರಿದ ಸಂಬಂಧ, ಜಗಳ, ರಾಜಿ. ಅಂಗಿಯ ಮುಂದಿನ ಪಟ್ಟಿಗೆ ಏಳು ಗುಂಡಿ, ಆದ್ದರಿಂದ ಹುಡುಗನ ಎಣಿಕೆ ಏಳಕ್ಕೇ ನಿಂತಿತ್ತು. ಎಂಟು ಎಂಬುದು ಜಗತ್ತಿನಲ್ಲಿ ಇಲ್ಲವೇ ಇಲ್ಲ ಎಂಬುದು ಅವನ ವಾದ. ಮನೆಯೊಡತಿ ಇಲ್ಲದ ಆ ಒಂದೇ ಕೋಣೆಯಲ್ಲಿ ಸುಖವಿತ್ತು ಎಂದರೆ ಯಾರಾದರೂ ಮುಖ ನೋಡಿಯಾರು. ಆದರೆ ಇತ್ತು.

ನಂತರ ದರ್ಜಿ ಅಂಗಡಿಗೆ ಕಾಜಾ ಯಂತ್ರ ಬಂತು. ಇವನು ದಾರ ಕಚ್ಚಿ ಸೂಜಿಗೆ ಪೋಣಿಸುವಷ್ಟರಲ್ಲಿ ಅದು ಏಳೂ ಕಾಜಾ ಮುಗಿಸಿ ಮುಂದಿನ ಅಂಗಿ ಕೇಳುತ್ತಿತ್ತು. "ಬೇಜಾರು ಮಾಡ್ಕೋಬೇಡ. ರಿಪೇರಿ ಅಂಗಿ ಇದ್ರೆ ಕಳಿಸ್ತೀನಿ" ಎಂದ ಅಂಗಡಿಯವನು. ಇವನು ಸಿದ್ಧ ಉಡುಪಿನ ಕಾರ್ಖಾನೆ ಸೇರಿದ. ಬೆಳಿಗ್ಗೆ ಎಂಟಕ್ಕೆ ಒಳಗೆ ಹೋದರೆ ಸಂಜೆ ಆರಕ್ಕೇ ಹೊರಗೆ.

ಗುಂಡಿಯನ್ನು ಎಲ್ಲಿ ಬಿಡುವುದು? ಕೆಳಗಿನ ಮನೆ ಯಾರದೋ ಗೋದಾಮು. ಕೂಗಿದರೆ ಓ ಎನ್ನುವವರಿಲ್ಲ. ಎರಡು ವಾರ ಮಗಳನ್ನು ಶಾಲೆ ಬಿಡಿಸಿ ತಮ್ಮನ ಜೊತೆ ಇರಿಸಿದ. ಹೊರಗಿನಿಂದ ಬೀಗ ಹಾಕಿ ಹೋಗುವಾಗ, "ಜಗಳ ಆಡಬೇಡಿ, ಗುಂಡಿ ಆಟ ಆಡ್ಕೊಳ್ಳಿ" ಎನ್ನುತ್ತಿದ್ದ. ಬಾಗಿಲ ಹಿಂದಿನಿಂದ ಇಬ್ಬರೂ "ಹೂಂ" ಎನ್ನುತ್ತಿದ್ದರು. ದಿನವಿಡೀ ಯಂತ್ರದ ಮುಂದೆ ಕುಳಿತರೂ ಆ ಬೀಗ ಅವನ ಎದೆಯ ಮೇಲೆ ಕುಳಿತಿರುತ್ತಿತ್ತು.

ಒಂದು ಸಂಜೆ ಬೀಗ ತೆಗೆದರೆ ಗುಂಡಿಯ ಹಣೆ ಒಡೆದಿತ್ತು. ಮಧ್ಯಾಹ್ನ ಕಿಟಕಿ ಹತ್ತಲು ಹೋಗಿ ಒಳಗೇ ಜಾರಿ ಬಿದ್ದಿದ್ದನಂತೆ. ಮಗಳು ಒದ್ದೆ ಬಟ್ಟೆಯನ್ನು ಅವನ ಹಣೆಗೆ ಒತ್ತಿ ಹಿಡಿದುಕೊಂಡು ನಾಲ್ಕು ತಾಸು ಅಲುಗಾಡದೆ ಕುಳಿತಿದ್ದಳು. ಅಪ್ಪನನ್ನು ಕಂಡರೂ ಕೈ ತೆಗೆಯಲಿಲ್ಲ. "ಬಿಟ್ರೆ ರಕ್ತ ಬರುತ್ತೆ" ಎಂದಳು. ಅಷ್ಟು ಹೊತ್ತಿಗೆ ಗಾಯ ಒಣಗಿತ್ತು. ಮರುದಿನ ಶಾಲೆಯಿಂದ ಹೇಳಿ ಕಳಿಸಿದರು: ಇನ್ನೊಂದು ವಾರ ಬಾರದಿದ್ದರೆ ಹೆಸರು ತೆಗೆಯುತ್ತೇವೆ. ಅವತ್ತೇ ಅವನು ತಂಗಿಗೆ ಫೋನು ಮಾಡಿದ. ಅವಳಿಗೆ ಮಕ್ಕಳಿರಲಿಲ್ಲ.

"ಚಿಕ್ಕವನನ್ನ ನಂಗೆ ಕೊಡು ಅಣ್ಣ. ಹೆತ್ತ ಮಗನ ಹಾಗೆ ನೋಡ್ಕೋತೀನಿ."

"ಇಬ್ಬರೂ ಒಟ್ಟಿಗೆ..." ಎಂದು ಇವನು ತಡವರಿಸಿದ.

"ನಮ್ಮವರು ಒಬ್ಬನನ್ನ ಅಂದ್ರೆ ಒಪ್ಪಿದಾರೆ" ಎಂದಳು.

ಅವನಿಗೆ ಇದ್ದ ಭಯ ಒಂದೇ. ಆ ಅಳು. ಮತ್ತೊಮ್ಮೆ ಆ ಬೆರಳುಗಳನ್ನು ಬಿಡಿಸುವ ಶಕ್ತಿ ಅವನಲ್ಲಿ ಉಳಿದಿರಲಿಲ್ಲ. ಹಾಗಾಗಿ ಆಟ. ದಿನಕ್ಕೆ ಹತ್ತು ಸಲ ಅತ್ತೆ ಮನೆಗೆ ಹೋಗಿ ಬಂದರೆ ಹನ್ನೊಂದನೆಯ ಸಲಕ್ಕೆ ಅಳು ಯಾಕೆ ಬರುತ್ತದೆ?

ಶುಕ್ರವಾರ ಮಧ್ಯಾಹ್ನ ಗುಂಡಿ ನಿದ್ದೆ ಹೋದ ಮೇಲೆ ಮಗಳು ಅಪ್ಪನ ಪಕ್ಕಕ್ಕೆ ಬಂದು ಕುಳಿತು ಸೂಜಿಗೆ ದಾರ ಪೋಣಿಸಿಕೊಟ್ಟಳು.

"ಅಪ್ಪ, ಭಾನುವಾರದ್ದು ನಿಜ ಅಲ್ವಾ?"

"ಹೂಂ."

"ಎಷ್ಟು ದಿನಕ್ಕೆ?"

ಅವನು ದಾರವನ್ನು ಎಳೆದು ಗಂಟು ಹಾಕಿದ. ಗಂಟು ಬಿದ್ದದ್ದನ್ನು ನೋಡಿ, "ಹಾಗಾದ್ರೆ ‘ಸಾಕು, ಬಾ’ ಅನ್ನೋದನ್ನ ಆಟದಿಂದ ತೆಗೀಬೇಕಾ?" ಎಂದಳು.

ಅವನ ಕೈ ನಿಂತಿತು. ಐದು ದಿನ ಇದು ತನಗೆ ಹೊಳೆದೇ ಇರಲಿಲ್ಲವೇ? ಹೊಳೆದಿತ್ತು. ಆದರೆ ಆ ದಡದಡ ಹತ್ತಿ ಬರುವ ಸದ್ದು, ಬಾಗಿಲಲ್ಲಿ ಮುರಿಯುವ ಆ ಬಿಸ್ಕತ್ತು, ಆ ಕೋಣೆಯಲ್ಲಿ ಉಳಿದಿದ್ದ ಸುಖವೇ ಅಷ್ಟು.

"ಇರ್ಲಿ ಬಿಡು. ಆಟ ಇನ್ನೆರಡೇ ದಿನ ತಾನೇ" ಎಂದ.

"ಇಟ್ರೆ ಅವನು ಕಾಯ್ತಾನೆ" ಎಂದಳು ಮಗಳು.

"ಮಕ್ಕಳು ಮರೀತಾರಮ್ಮ."

ಅವಳು ಮಕ್ಕಳಲ್ಲೊಬ್ಬಳು ಎಂಬುದು ಅವನಿಗೆ ಆಗ ನೆನಪಿಗೆ ಬರಲಿಲ್ಲ.

ಭಾನುವಾರ ಅತ್ತೆ ಬಂದಾಗ ಗುಂಡಿ ಸ್ನಾನ ಮಾಡಿ ತಲೆ ಬಾಚಿಸಿಕೊಂಡು ಸಿದ್ಧನಾಗಿದ್ದ. ಚೀಲದಲ್ಲಿ ಈಗ ದಿಂಬಿನ ಬದಲು ಅವನ ನಾಲ್ಕು ಅಂಗಿ, ಎರಡು ಚಡ್ಡಿ. ಎಲ್ಲ ಅಂಗಿಗೂ ಅಪ್ಪ ಹಿಂದಿನ ದಿನ ಗುಂಡಿ ಬಿಗಿಮಾಡಿದ್ದ. ನಿಜವಾದ ಅತ್ತೆಯೇ ಆಟಕ್ಕೆ ಸೇರಿದ್ದು ಕಂಡು ಗುಂಡಿಗೆ ಖುಷಿಯೋ ಖುಷಿ. "ಅತ್ತೆ, ನೀನು ಕೆಳಗಿರ್ಬೇಕು, ಮೇಲಲ್ಲ!" ಎಂದು ತಿದ್ದಿದ.

ಅಕ್ಕ ಕಾಲರ್ ಸರಿಮಾಡಿದಳು. "ಅತ್ತೇನ ಗೋಳು ಹುಯ್ಕೋಬೇಡ" ಎಂದಳು. ಉಚ್ಚೆಯ ಮಾತು ಹೇಳದೆ ಚೀಲದ ಪಟ್ಟಿಯನ್ನು ಅವನ ಹೆಗಲಿಗೇರಿಸಿದಳು. ಗುಂಡಿಯೇ, "ಉಚ್ಚೆ ಬಂದ್ರೆ ಮೊದ್ಲೇ ಹೇಳ್ತೀನಿ" ಎಂದು ಅವಳ ಮಾತನ್ನು ಪೂರ್ತಿಮಾಡಿ ಜಾರಿಕೊಂಡು ಇಳಿದ.

"ನೋಡು, ಒಂದು ಹನಿ ಅಳ್ಲಿಲ್ಲ! ಎಂಥಾ ಜಾಣ" ಎಂದು ಅತ್ತೆ ಕಣ್ಣೊರೆಸಿಕೊಂಡಳು.

ಗೇಟು ಬಡಿದ ಸದ್ದು. "ಅತ್ತೆ ಮನೆ ಬಂತು!" ಮೇಲಿನ ಮೆಟ್ಟಿಲಲ್ಲಿ ನಿಂತ ಅಕ್ಕ ಬಿಸ್ಕತ್ತನ್ನು ಮುಷ್ಟಿಯಲ್ಲಿ ಹಿಡಿದಿದ್ದಳು. ಅವಳು ಎಣಿಸು ಎನ್ನಲಿಲ್ಲ. ಅತ್ತೆ ಇಳಿದು ಹುಡುಗನನ್ನು ಎತ್ತಿಕೊಂಡಳು. ಬಸ್ಸಿಗೆ ಹೊತ್ತಾಗಿತ್ತು. ಅವಳ ಹೆಗಲ ಮೇಲಿನಿಂದ ಗುಂಡಿ ನಗುತ್ತಾ ಎರಡೂ ಕೈ ಆಡಿಸಿದ. ಬೀದಿಯ ತಿರುವಿನವರೆಗೂ ನಗುತ್ತಲೇ ಇದ್ದ. ಅಪ್ಪ ಕಿಟಕಿಯ ಸರಳು ಹಿಡಿದು ನೋಡುತ್ತಿದ್ದ. ಒಮ್ಮೆಯಾದರೂ ಅತ್ತಿದ್ದರೆ ಓಡಿ ಹೋಗಿ ಕಿತ್ತುಕೊಂಡು ಬರುತ್ತಿದ್ದೆನೋ ಏನೋ ಎಂದು ಆಗ ಅನ್ನಿಸಿತು.

ಆ ದಿನ ಮನೆಯಲ್ಲಿ ಒಲೆ ಹಚ್ಚಲಿಲ್ಲ. ಮಗಳು ಗುಂಡಿಯ ಡಬ್ಬಿ ಸುರಿದಳು, ಎರಡು ತೂತಿನವನ್ನು ಬೇರೆ ಮಾಡಿದಳು, ನಾಲ್ಕು ತೂತಿನವನ್ನು ಮುಟ್ಟಲಿಲ್ಲ. ಅವು ಯಾವಾಗಲೂ ಅವನ ಪಾಲಿನವು.

ಸಂಜೆ ಐದೂವರೆಗೆ ಫೋನು ಬಂತು. "ಕ್ಷೇಮವಾಗಿ ತಲುಪಿದ್ವಿ ಅಣ್ಣ. ದಾರಿ ತುಂಬಾ ಹಾಡು ಹೇಳ್ಕೊಂಡು ಬಂದ. ಆದ್ರೆ ಮನೆಯೊಳಗೇ ಬರ್ತಿಲ್ಲ ನೋಡು. ಬಾಗಿಲು ಹಿಡ್ಕೊಂಡು ಒಂದು ಗಂಟೆಯಿಂದ ಅಲ್ಲೇ ನಿಂತಿದಾನೆ. ಅಕ್ಕ ಹೇಳ್ಬೇಕಂತೆ. ಏನದು?"

ಅತ್ತೆ ಫೋನನ್ನು ಗುಂಡಿಯ ಕಿವಿಗೆ ಹಿಡಿದಳು.

"ಅಪ್ಪಾ, ನಾನು ಬಾಗ್ಲು ಮುಟ್ಟಾಯ್ತು" ಎಂದ ಗುಂಡಿ. "ಈಗ ಬರ್ಲಾ?"

ಮಕ್ಕಳ ಮುಂದೆ ಯಾವತ್ತೂ ಅಳದ ಅಪ್ಪ ಫೋನನ್ನು ಮಗಳ ಕಡೆಗೆ ಚಾಚಿ ಗೋಡೆಗೆ ಮುಖ ಮಾಡಿದ. ಅವಳು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು.

"ಇನ್ನೂ ಇಲ್ಲ ಕಣೋ" ಎಂದಳು. "ಹತ್ತು ಎಣಿಸು."

"ಹೂಂ" ಎಂದ ಗುಂಡಿ, ಸಂತೋಷದಿಂದ.

ಹಳೆಯ ಫೋನು; ಮಾತು ಕೋಣೆಗೆಲ್ಲ ಕೇಳುತ್ತಿತ್ತು. ಒಂದು, ಎರಡು, ಮೂರು. ಮಗಳು ಸಂಜೆ ಬೆಳಕಿನಲ್ಲಿ ನಾಲ್ಕು ತೂತಿನ ಗುಂಡಿಗಳನ್ನು ಒಂದೊಂದಾಗಿ ನೆಲದ ಮೇಲೆ ಸಾಲಾಗಿ ಇಡುತ್ತಾ ಹೋದಳು. ಐದು, ಆರು, ಏಳು. ಅವನು ಸ್ವಲ್ಪ ತಡೆದ, ಅಕ್ಕ ಬಾ ಎನ್ನುತ್ತಾಳೇನೋ ಎಂದು ಕಿವಿಗೊಟ್ಟ, ಮತ್ತೆ ಒಂದರಿಂದ ಶುರುಮಾಡಿದ.