ಬಟ್ಟೆ ಕೊಡವುವ ಹೊತ್ತು

ಸತ್ತ ದಿನ ಅವನಿಗೆ ಗಡ್ಡ ಹೆರೆಯುವವರು ಯಾರೂ ಇರಲಿಲ್ಲ. ಹೆಂಡತಿಯೇ ಬ್ರಷ್ಷನ್ನು ನೀರಿಗದ್ದಿ ಸೋಪಿನ ಬಟ್ಟಲಲ್ಲಿ ಗರಗರ ತಿರುಗಿಸುತ್ತಿದ್ದಳು. ಸಲೂನಿನ ಹಿಂದಿನ ಕೋಣೆಯೇ ಅವರ ಮನೆ. ಅಲ್ಲಿ ಜಾಗ ಸಾಲದೆ ಹೆಣವನ್ನು ಅಂಗಡಿಯ ಉದ್ದ ಬೆಂಚಿನ ಮೇಲೆ, ಗಿರಾಕಿಗಳು ಪೇಪರು ಓದುತ್ತ ಕೂರುತ್ತಿದ್ದ ಕಡೆ ಮಲಗಿಸಿದ್ದರು. ಕೊರಳಿಗೆ ಅವನದೇ ಬಿಳಿ ಬಟ್ಟೆ ಸುತ್ತಿತ್ತು.

"ಅಮ್ಮ, ಬಸ್ ಸ್ಟಾಪ್ ಹತ್ರ ಇರೋ ಸಲೂನಿನವರನ್ನ ಕರೀಲಾ?" ಎಂದಳು ಮಗಳು.

"ಅವನನ್ನಾ? ಅವನು ಕತ್ತರಿ ಹಾಕಿದ್ರೆ ತಲೆ ಮೇಕೆ ಮೇಯ್ದ ಹಾಗಿರುತ್ತೆ ಅಂತಿದ್ರು ನಿಮ್ಮಪ್ಪ. ಅವನು ಬಂದ್ರೆ ಇವರು ಎದ್ದು ಓಡ್ತಾರೆ."

ಮಗಳು ಅಳುತ್ತಲೇ ನಕ್ಕಳು. ಬಾಗಿಲ ಬಳಿ ಕುರ್ಚಿ ಜೋಡಿಸುತ್ತಿದ್ದ ಹೆಂಡತಿಯ ತಮ್ಮ ತಲೆಯಾಡಿಸಿದ.

"ಏನೇ ಹೇಳಕ್ಕ, ಭಾವನ ಬಾಯಲ್ಲಿ ಒಂದು ದಿನ ದೇವರ ಹೆಸರು ಕೇಳ್ಲಿಲ್ಲ. ಗಿರಾಕಿಗೆ ತಲೆ ತಗ್ಗಿಸಿ, ತಲೆ ಎತ್ತಿ ಅನ್ನೋದು. ಇಷ್ಟರಲ್ಲೇ ಮುಗಿದುಹೋಯ್ತು."

"ನಿನ್ನ ತಲೆಗೆ ಪುಕ್ಕಟೆ ಕತ್ತರಿ ಹಾಕ್ತಿದ್ರಲ್ಲ, ಸುಮ್ನಿರು."

ಹಾಗೆ ಬಾಯಿ ಮುಚ್ಚಿಸಿದಳೇ ಹೊರತು ಅವಳ ಚಿಂತೆ ಬೇರೆಯಿತ್ತು. ದೇವರ ಮಾತು ಆಮೇಲೆ. ಇಷ್ಟು ಕಾಲ ಈ ಮನುಷ್ಯನ ಕಣ್ಣು ಎಲ್ಲಿತ್ತು ಅನ್ನುವುದೊಂದು ಗೊತ್ತಾದರೆ ಸಾಕಿತ್ತು.

*

ಒಂದು ತಲೆ ಮುಗಿದ ಕೂಡಲೇ ಅವನು ಗಿರಾಕಿಯ ಕೊರಳಿನ ಬಟ್ಟೆ ಬಿಚ್ಚಿಕೊಂಡು ಬೀದಿಬಾಗಿಲಿಗೆ ಹೋಗುತ್ತಿದ್ದ. ಎರಡು ಸಲ ಕೊಡವುತ್ತಿದ್ದ. ಕೂದಲು ಉದುರಿದ ಮೇಲೆ ಒಳಗೆ ಬರಬೇಕಲ್ಲ, ಬರುತ್ತಿರಲಿಲ್ಲ. ಬಟ್ಟೆಯನ್ನು ಕೈಯಲ್ಲಿ ಇಳಿಬಿಟ್ಟುಕೊಂಡು ಕಂಬದ ಹಾಗೆ ನಿಲ್ಲುತ್ತಿದ್ದ. ಅಂಗಡಿ ತುಂಬಿದ್ದರೂ ಅಷ್ಟೇ, ಗಿರಾಕಿ ಗಡಿಬಿಡಿ ಮಾಡಿದರೂ ಅಷ್ಟೇ.

ಹಿಂದಿನ ಕೋಣೆಯಲ್ಲಿ ಟವೆಲ್ ಒಗೆಯುತ್ತಿದ್ದ ಹೆಂಡತಿಗೆ ಕಾಣುತ್ತಿದ್ದದ್ದು ಅವನ ಬೆನ್ನು, ಬೆನ್ನಿನಾಚೆ ಎದುರು ಮನೆಯ ಮಹಡಿ ಕಿಟಕಿ, ಕಿಟಕಿಯಲ್ಲಿ ಮಿಷನ್ ತುಳಿಯುವ ಟೈಲರಮ್ಮ. ಇನ್ನೇನು ಬೇಕು?

"ಅಲ್ಲಿ ಏನಿದೆ ಅಂತ ನಿಂತಿರ್ತೀರಿ?" ಎಂದು ಒಮ್ಮೆ ಕೇಳಿಯೇಬಿಟ್ಟಳು.

ಅವನು ಕತ್ತಿಯನ್ನು ಚರ್ಮದ ಪಟ್ಟಿಗೆ ಉಜ್ಜುತ್ತಿದ್ದವನು ನಿಲ್ಲಿಸಿದ. "ಬೆಳಗ್ಗೆಯಿಂದ ಸಂಜೆವರೆಗೂ ಕನ್ನಡಿ ಎದುರಿಗಿರ್ತೀನಿ ನೋಡು. ಅದರಲ್ಲಿ ಕಾಣೋನಿಗೆ ಒಬ್ಬ ಬೇಗ ಮುಗ್ಸು ಅಂತಾನೆ, ಇನ್ನೊಬ್ಬ ಕಿವಿ ಹತ್ರ ಸರಿಯಾಗಿಲ್ಲ ಅಂತಾನೆ. ನಾನೂ ಅವನೇ ನಾನು ಅಂದ್ಕೊಂಡ್ಬಿಡ್ತೀನಿ. ಅಲ್ಲ ಅಂತ ಒಂದ್ಸಲ ನೆನಪು ಮಾಡ್ಕೊಂಡು ಬರ್ತೀನಿ."

"ಹಾಗಾದ್ರೆ ನೀವ್ಯಾರು?"

"ಅದನ್ನ ನೋಡೋಕೇ ನಿಲ್ಲೋದು."

"ಎಲ್ಲಿ, ಎದುರು ಮನೆ ಮಹಡೀಲಾ?"

ಅವನು ಎಷ್ಟು ನಕ್ಕನೆಂದರೆ ಕಣ್ಣಲ್ಲಿ ನೀರು ಬಂತು. ಕಳ್ಳನಾದರೆ ಹೀಗೇ ನಗುವುದು ಎಂದುಕೊಂಡಳು. ಅಂದಿನಿಂದ ಅವನು ಬಾಗಿಲಲ್ಲಿ ನಿಂತದ್ದೇ ತಡ, "ಟವೆಲ್ ಒಣಗಿದೆ ನೋಡ್ರೀ!" ಎಂದೋ "ನೀರು ಬಿಸಿಯಾಯ್ತು!" ಎಂದೋ ಕೂಗುವುದು ಅವಳ ಕಸುಬಾಯಿತು. ಅವನು ಒಮ್ಮೆಯೂ ರೇಗಲಿಲ್ಲ. "ಬಂದೆ" ಅನ್ನುತ್ತಿದ್ದ. ತಕ್ಷಣ ಬರುತ್ತಿರಲಿಲ್ಲ, ಅದೇ ಅವಳಿಗೆ ಉರಿ.

*

ಗಂಡನ ಒಂದು ಕೆನ್ನೆ ಹೆರೆದು ಮುಗಿದಿತ್ತು. ಟೈಲರಮ್ಮ ಮೆಟ್ಟಿಲಿಳಿದು ಬೀದಿ ದಾಟಿ ಬಂದಳು. ಹೆಗಲ ಮೇಲೆ ಅಳತೆಯ ಟೇಪು ಹಾಗೇ ಇತ್ತು. ಈಗ ಅವಳಿಗೂ ತಲೆ ನರೆತಿತ್ತು, ದಪ್ಪ ಕನ್ನಡಕ ಬಂದಿತ್ತು.

"ಬಾಮ್ಮ," ಎಂದಳು ಹೆಂಡತಿ, ಕತ್ತಿ ಎತ್ತದೆ. "ಇಷ್ಟು ವರ್ಷ ದೂರದಿಂದ ನೋಡಿದ್ದಾಯ್ತು. ಇವತ್ತು ಹತ್ತಿರದಿಂದ ನೋಡ್ಕೋ."

"ಅಮ್ಮಾ!" ಎಂದಳು ಮಗಳು.

ಟೈಲರಮ್ಮನಿಗೆ ಚುಚ್ಚುಮಾತು ತಿಳಿಯಲಿಲ್ಲ. ಬಗ್ಗಿ ಅವನ ಮುಖ ನೋಡಿದಳು. "ನಾನು ದಿನಾ ನೋಡಿದ್ದೂ ಹೀಗೇ ಅಕ್ಕ. ಕಣ್ಣು ಮುಚ್ಕೊಂಡು."

ಕತ್ತಿ ನಿಂತಿತು.

"ಏನಂದೆ?"

"ಬಟ್ಟೆ ಕೊಡವಿ ನಿಲ್ತಿದ್ರಲ್ಲ, ಆವಾಗ. ಮೊದಮೊದಲು ನನ್ನನ್ನೇ ನೋಡ್ತಿದ್ದಾರೆ ಅಂದ್ಕೊಂಡು ಸೆರಗು ಸರಿಮಾಡ್ಕೊಂಡೆ. ಬಗ್ಗಿ ನೋಡಿದ್ರೆ ಕಣ್ಣೇ ಮುಚ್ಚಿದೆ! ತುಟಿ ಒಂಚೂರು ನಗ್ತಿರ್ತಿತ್ತು. ನೀವು ಒಳಗಿಂದ ಕೂಗಿದಾಗ ಇನ್ನೂ ಸ್ವಲ್ಪ ಜಾಸ್ತಿ ನಗೋರು." ಅವಳು ಕಣ್ಣೊರೆಸಿಕೊಂಡಳು. "ಒಂದೇ ಒಂದ್ಸಲ ಕಣ್ಣುಬಿಟ್ಟು ನೋಡಿದ್ರೂ ಆಗ್ತಿತ್ತಪ್ಪ. ನಾನೂ ಆಗ ಚೆನ್ನಾಗೇ ಇದ್ದೆ."

ಹೆಂಡತಿಗೆ ಮೊದಲು ಏನೂ ಹೊಳೆಯಲಿಲ್ಲ. ಆಮೇಲೆ ಹೊಟ್ಟೆಯಿಂದ ನಗು ಎದ್ದಿತು. ಕತ್ತಿ ತಾಗೀತೆಂದು ಕೈ ಹಿಂದೆಳೆದುಕೊಂಡು, ಬೆಂಚಿನ ಅಂಚಿನಲ್ಲಿ ಕೂತು ನಕ್ಕಳು. ಕುರ್ಚಿ ಹಿಡಿದ ತಮ್ಮ ಗಾಬರಿಯಾದ.

"ಅಕ್ಕ, ಏನಾಯ್ತೇ?"

"ದೇವರ ಹೆಸರು ಕೇಳ್ಲಿಲ್ಲ ಅಂದ್ಯಲ್ಲ," ಎಂದಳು. "ಹೇಗೆ ಕೇಳುತ್ತೋ? ನಾನು ಕೂಗೋದು ನಿಲ್ಲಿಸಿದ್ರೆ ತಾನೇ?"

ಇನ್ನೊಂದು ಕೆನ್ನೆಯನ್ನು ನಿಧಾನವಾಗಿ, ಗಾಯವಾಗದಂತೆ ಹೆರೆದಳು. ಒದ್ದೆ ಟವೆಲಿನಿಂದ ಮುಖ ಒರೆಸಿದಳು. ಟೈಲರಮ್ಮ ಕೇಳದೆಯೇ ಅಂಗಿಯ ಕಾಲರು ಸರಿಮಾಡಿದಳು. ಗಾಡಿ ಬಂದು ನಿಂತಿತು.

ಹೆಂಡತಿ ಅವನ ಕೊರಳಿನ ಬಟ್ಟೆ ಬಿಚ್ಚಿಕೊಂಡು ಬಾಗಿಲಿಗೆ ಹೋದಳು. ಎರಡು ಸಲ ಕೊಡವಿದಳು. ಬಿಳಿ ಕೂದಲಿನ ಚೂರುಗಳು ಮೆಟ್ಟಿಲ ಮೇಲೆ ಉದುರಿದವು. ಬಟ್ಟೆಯನ್ನು ಕೈಯಲ್ಲಿ ಇಳಿಬಿಟ್ಟುಕೊಂಡು ನಿಂತಳು. ಕಣ್ಣು ಮುಚ್ಚಿದಳು.

"ಅಮ್ಮಾ, ಹೊರಡ್ಬೇಕಂತೆ!" ಒಳಗಿನಿಂದ ಮಗಳು ಕೂಗಿದಳು.

"ಬಂದೆ" ಎಂದಳು. ಕಣ್ಣು ತೆರೆಯಲಿಲ್ಲ.

ಆ ಬೆಳಗ್ಗೆ ಅವಳ ಪಾಲಿಗೆ ಹೋದದ್ದು ಒಬ್ಬ ಗಂಡ, ಇಷ್ಟು ವರ್ಷ ಅವಳೊಬ್ಬಳೇ ಆಡಿದ ಒಂದು ಜಗಳ.