ಟಿಟ್ವಾಲಾದ ಎಲೆಯ ಪತ್ರೊಡೆ

ಸತ್ಯಭಾಮಾ ಅಮ್ಮನ ಮನೆಯಲ್ಲಿ ಒಂದು ಕಾನೂನಿತ್ತು: ಊರಿನಿಂದ ಬಾರದ ತರಕಾರಿ ಅಡುಗೆಮನೆಯ ಹೊಸ್ತಿಲು ದಾಟಕೂಡದು. ಊರೆಂದರೆ ಉಡುಪಿ. ಮನೆಯೆಂದರೆ ಬೊಂಬಾಯಿಯ ಠಾಕುರ್ಲಿ ಸ್ಟೇಶನ್ನಿಗೆ ಹತ್ತಿರದ ಬಿಲ್ಡಿಂಗಿನ ಮೂರನೇ ಮಾಳಿಗೆ. ಪ್ರತಿ ಶುಕ್ರವಾರ ಬಸ್ಸಿನ ಡಿಕ್ಕಿಯಲ್ಲಿ ಮಲಗಿಕೊಂಡು ಒಂದು ಗೋಣಿಚೀಲ ಬರುತ್ತಿತ್ತು. ಒಳಗೆ ಹರಿವೆ, ಬಸಳೆ, ಅಲಸಂಡೆ, ಗುಳ್ಳ ಬದನೆ. ಹೊರಡುವಾಗ ಎಲ್ಲವೂ ಚೆನ್ನಾಗಿಯೇ ಇರುತ್ತಿದ್ದವು, ಪಾಪ. ಬಂದಿಳಿಯುವಷ್ಟರಲ್ಲಿ ಹರಿವೆ ಸೊರಗಿ, ಬಸಳೆ ಬೆವತು, ಅಲಸಂಡೆ ಸುಕ್ಕುಗಟ್ಟಿರುತ್ತಿತ್ತು.

"ಪರಿಮಳ ನೋಡು ಮಾರಾಯ್ತಿ! ಊರಿನದ್ದು ಅಂದ್ರೆ ಊರಿನದ್ದೇ" ಎಂದು ಅವರು ಚೀಲದೊಳಗೆ ಮುಖ ಹಾಕುತ್ತಿದ್ದರು.

ಸೊಸೆ ಮೋಹಿನಿಗೂ ವಾಸನೆ ಬರುತ್ತಿತ್ತು, ಇಲ್ಲವೆನ್ನುವ ಹಾಗಿರಲಿಲ್ಲ. ಅದನ್ನು ಪರಿಮಳ ಎನ್ನಲು ಮಾತ್ರ ಬಾಯಿ ಬರುತ್ತಿರಲಿಲ್ಲ. ಗಂಡ ಲತೇಶ್ ನೆರೂಳದಲ್ಲಿ ಹೋಟೆಲಿನ ಮ್ಯಾನೇಜರ್. ಅವನ ಎರಡು ಹೊತ್ತಿನ ಊಟವೂ ಅಲ್ಲೇ ಆಗುತ್ತಿತ್ತು, ಅವನಿಗೆಂಥ ಚಿಂತೆ! ಚಿಂತೆಯೆಲ್ಲ ಮೋಹಿನಿಗೆ, ಅದೂ ಮಗಳು ಪ್ರೇಕ್ಷಾಳದ್ದು. ಎರಡನೇ ಕ್ಲಾಸಿನ ಆ ಹುಡುಗಿ ಬಟ್ಟಲಿನ ಪಲ್ಯ ಕಂಡರೆ ಮುಖ ತಿರುಗಿಸಿ, "ಮುಝೆ ನಹೀ ಖಾನಾ" ಎನ್ನುತ್ತಿದ್ದಳು. ಮೊಸರನ್ನದ ಮೇಲೆಯೇ ಬದುಕಿದ್ದಳು ಎನ್ನಬೇಕು. ರಕ್ತ ಕಡಿಮೆಯಿದೆ, ಹೇಗಾದರೂ ಸೊಪ್ಪು ತರಕಾರಿ ತಿನ್ನಿಸಿ ಎಂದು ಡಾಕ್ಟರು ಹೇಳಿದ ಮೇಲೆ ಮೋಹಿನಿಗೆ ನಿದ್ದೆಯೇ ಹತ್ತುತ್ತಿರಲಿಲ್ಲ.

ಆದಿತ್ಯವಾರ ಬೆಳಿಗ್ಗೆ ಬ್ರಿಜ್ಜಿನ ಕೆಳಗೆ ಟಿಟ್ವಾಲಾ ಕಡೆಯ ರೈತರ ಟೆಂಪೋ ಬಂದು ನಿಲ್ಲುತ್ತಿತ್ತು. ಒಂದು ವಾರ ಅತ್ತೆ ದೇವಸ್ಥಾನಕ್ಕೆ ಹೋದದ್ದೇ ತಡ, ಮೋಹಿನಿ ಕೆಳಗಿಳಿದು ಒಂದು ಕಟ್ಟು ಕೆಂಪು ಹರಿವೆ ತಂದಳು. ಬೇರಿನಲ್ಲಿ ಇನ್ನೂ ಒದ್ದೆ ಮಣ್ಣಿತ್ತು. ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು, ಕಾಯಿತುರಿ ಹಾಕಿ ಇಳಿಸಿದಳು. ಪ್ರೇಕ್ಷಾ ಒಮ್ಮೆ ಮೂಸಿದಳು, ಒಮ್ಮೆ ಚೀಪಿದಳು, ಆಮೇಲೆ ಬಟ್ಟಲನ್ನೇ ನೆಕ್ಕಿಬಿಟ್ಟಳು. ಮೋಹಿನಿಗೆ ಆದ ಖುಷಿ ಅಷ್ಟಿಷ್ಟಲ್ಲ.

ಅಷ್ಟರಲ್ಲಿ ಅತ್ತೆ ಬಂದರು.

"ಇದೆಲ್ಲಿಯ ಸೊಪ್ಪು? ರೈಲು ಪಟ್ರಿ ಬದಿಯಲ್ಲಿ ಗಟಾರದ ನೀರು ಕುಡಿದು ಬೆಳೆದದ್ದಲ್ವಾ? ಮಗುವಿಗೆ ವಿಷ ಹಾಕ್ತೀಯಾ?"

"ಅಲ್ಲ ಅತ್ತೆ, ಟಿಟ್ವಾಲಾದ ಹೊಲದ್ದು."

"ನೀನು ನೋಡಿ ಬಂದಿದ್ದೀಯಾ?"

ಮೋಹಿನಿ ನೋಡಿರಲಿಲ್ಲ. ಉಳಿದ ಪಲ್ಯ ಕಸದ ಡಬ್ಬಿಗೆ ಹೋಯಿತು. ಆದರೆ ಮೋಹಿನಿ ಸುಮ್ಮನೆ ಕೂರುವ ಜಾತಿಯವಳಲ್ಲ. ಮುಂದಿನ ರಜೆಯ ದಿನವೇ ಲೋಕಲ್ ಹತ್ತಿ ಟಿಟ್ವಾಲಾದಲ್ಲಿ ಇಳಿದಳು. ಟೆಂಪೋದಲ್ಲಿ ಸೊಪ್ಪು ಮಾರುವ, ಎಲ್ಲರೂ ಮಾವಶಿ ಎಂದು ಕರೆಯುವ ಹೆಂಗಸಿನ ಹೊಲ, ಬಾವಿ, ಗೊಬ್ಬರದ ಗುಂಡಿ ಎಲ್ಲವನ್ನೂ ಕಣ್ಣಾರೆ ಕಂಡು ಬಂದಳು. ಬಂದು ಹೇಳಿದರೆ ಕೇಳುವವರು ಯಾರು? ಅತ್ತೆ ಟಿವಿಯ ವಾಲ್ಯೂಮ್ ಏರಿಸಿದರು. ಶುಕ್ರವಾರದ ಚೀಲ ಎಂದಿನಂತೆ ಬಂತು, ಮಗಳ ಬಟ್ಟಲು ಎಂದಿನಂತೆ ಉಳಿಯಿತು.

ಹೀಗಿರುವಾಗ ಮಳೆಗಾಲದ ಆಟಿ ತಿಂಗಳು ಬಂತು. ಡೊಂಬಿವಲಿಯ ಊರವರ ಸಂಘದವರು ವರ್ಷವೂ ಒಂದು ಆದಿತ್ಯವಾರ ಆಟಿಯ ಊಟ ಇಡುತ್ತಾರೆ, ಆ ಊಟದಲ್ಲಿ ಪತ್ರೊಡೆ ಸತ್ಯಭಾಮಾ ಅಮ್ಮನದ್ದೇ. ಅದು ಅವರ ಪಟ್ಟ. ಅದಕ್ಕೆ ಹಿಟ್ಟು ಸವರಿ ಸುತ್ತುವ ಕೆಸುವಿನ ಎಲೆ ಊರಿನಿಂದಲೇ ಬರಬೇಕು. ಈ ಸಲ ಘಾಟಿಯಲ್ಲಿ ಗುಡ್ಡ ಕುಸಿದು ಬಸ್ಸು ದಾರಿಯಲ್ಲೇ ನಿಂತಿತು. ಶನಿವಾರ ಬೆಳಿಗ್ಗೆ ಅಂತೂ ಚೀಲ ಬಂತು. ಬಿಚ್ಚಿ ನೋಡಿದರೆ, ಅಯ್ಯೋ ದೇವರೇ, ಎಲೆಯೆಲ್ಲ ಕೊಳೆತು ಮುದ್ದೆ!

ಸತ್ಯಭಾಮಾ ಅಮ್ಮ ನೆಲದಲ್ಲೇ ಕುಸಿದು ಕುಳಿತರು. "ಮಾನ ಹೋಯ್ತು ನನ್ನದು" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಎಷ್ಟು ಸಿಟ್ಟಿದ್ದರೂ ಮೋಹಿನಿ ಹೋಗಿ ಅವರ ಕೈ ಹಿಡಿದಳು.

"ಅತ್ತೆ, ಏಳಿ. ನನ್ನ ಜೊತೆ ಬನ್ನಿ. ಈ ಸಲ ನೀವೇ ನೋಡಿ."

ಬೇರೆ ದಾರಿಯಾದರೂ ಎಲ್ಲಿತ್ತು? ಅತ್ತೆ ಲೋಕಲಿನಲ್ಲಿ ಉದ್ದಕ್ಕೂ ಗೊಣಗಿದರು, ರಿಕ್ಷಾದಲ್ಲಿ ಗೊಣಗಿದರು, ಮಾವಶಿಯ ಹೊಲದ ಕೆಸರಿಗೆ ಕಾಲಿಟ್ಟಾಗಲೂ ಗೊಣಗಿದರು. ಬಾವಿಯ ಕಟ್ಟೆಯ ಬಳಿ ಮಾತ್ರ ಸುಮ್ಮನಾದರು. ಬಗ್ಗಿ ನೋಡಿ, ಒಂದು ಕೊಡ ನೀರು ಸೇದಿಸಿ, ಬೊಗಸೆಯಲ್ಲಿ ಹಿಡಿದು ಕುಡಿದರು. ಆಮೇಲೆ ಬದುವಿನ ಗುಂಟ ಬೆಳೆದಿದ್ದ ಕರಿ ದಂಟಿನ ಕೆಸುವಿನ ಹತ್ತಿರ ಹೋಗಿ ಒಂದು ದಂಟು ಮುರಿದು, ಮಣಿಕಟ್ಟಿಗೆ ತಿಕ್ಕಿಕೊಂಡು ಕಾದರು. ತುರಿಸಿದರೆ ಎಲೆ ಕೆಲಸಕ್ಕಿಲ್ಲ. ಮೋಹಿನಿ ಆ ಕೈಯನ್ನೇ ನೋಡುತ್ತಿದ್ದಳು.

"ತುರಿಸುವುದಿಲ್ಲ" ಎಂದರು ಅತ್ತೆ, ಗಿಡ ನೆಟ್ಟವರು ತಾವೇ ಎಂಬ ಗತ್ತಿನಲ್ಲಿ. "ಕತ್ತಿ ಕೊಡ್ಲಿಕ್ಕೆ ಹೇಳು ಅವಳಿಗೆ." ಸೆರಗು ಸೊಂಟಕ್ಕೆ ಸಿಕ್ಕಿಸಿ ಅವರೇ ಕೊಯ್ಯಲು ನಿಂತರು. ಮಾವಶಿ ನಗುತ್ತಾ ಬುಟ್ಟಿ ಹಿಡಿದಳು.

ಆದಿತ್ಯವಾರ ಡೊಂಬಿವಲಿಯಲ್ಲಿ ಸಂಘದ ಹಾಲಿನಲ್ಲಿ ಪಂಕ್ತಿ ಕುಳಿತಿತು. ಪತ್ರೊಡೆ ಬಡಿಸಿದ್ದೇ ತಡ, ಮಾತು ನಿಂತು ಬಾಯಿ ಚಪ್ಪರಿಸುವ ಸದ್ದೊಂದೇ ಕೇಳಿಸಿತು. "ಅಜ್ಜಿ, ಔರ್ ದೋ ನಾ" ಎಂದು ಪ್ರೇಕ್ಷಾ ಎಲೆಯ ಮೇಲೆ ಕೈ ಚಾಚುತ್ತಲೇ ಇದ್ದಳು. ಸಂಘದ ಅಧ್ಯಕ್ಷ ಯಜ್ಞೇಶ್ವರ ಎಂಬವರು ಕೈ ತೊಳೆದವರೇ ಮೈಕು ಹಿಡಿದರು.

"ಬಾಯಿಗಿಟ್ಟ ಕೂಡಲೇ ಗೊತ್ತಾಗ್ತದೆ, ಇದು ನಮ್ಮ ಊರಿನ ಎಲೆ! ಈ ಬೊಂಬಾಯಿ ಮಣ್ಣಲ್ಲಿ ಇಂಥದ್ದು ಹುಟ್ಲಿಕ್ಕುಂಟಾ? ಸತ್ಯಭಾಮಕ್ಕನಿಗೆ ಒಂದು ಜೋರು ಚಪ್ಪಾಳೆ!"

ಚಪ್ಪಾಳೆಯೋ ಚಪ್ಪಾಳೆ. ಬಡಿಸುತ್ತಿದ್ದ ಮೋಹಿನಿಯ ಕೈ ಅಲ್ಲೇ ನಿಂತಿತು. ಅತ್ತೆ ಎದ್ದು ಎಲ್ಲರಿಗೂ ಕೈ ಮುಗಿದರು, ಮುಗುಳ್ನಕ್ಕರು. ಮುಗಿಯಿತು, ಇನ್ನು ಶುಕ್ರವಾರದ ಚೀಲವೇ ಗತಿ, ತನ್ನ ಮಗಳಿಗೆ ಮೊಸರನ್ನವೇ ಗತಿ ಎಂದುಕೊಂಡಳು ಮೋಹಿನಿ. ಆದರೆ ಅತ್ತೆ ಕುಳಿತುಕೊಳ್ಳಲಿಲ್ಲ. ಪ್ರೇಕ್ಷಾ ಬೆರಳು ನೆಕ್ಕುವುದನ್ನು ಒಂದು ಗಳಿಗೆ ನೋಡಿದರು. ಆಮೇಲೆ ನೇರ ಹೋಗಿ ಮೈಕು ಕಸಿದುಕೊಂಡರು.

"ಯಜ್ಞೇಶ್ವರಣ್ಣ, ನಿಮ್ಮ ನಾಲಿಗೆ ಪೂರಾ ಮೋಸ ಹೋಯ್ತು ಮಾರಾಯ್ರೇ!" ಹಾಲಿಗೆ ಹಾಲೇ ನಕ್ಕಿತು. "ಊರಿನ ಎಲೆ ಕೊಳೆತು ನಿನ್ನೆಯೇ ಕಸಕ್ಕೆ ಹೋಯ್ತು. ನೀವೀಗ ತಿಂದದ್ದು ಟಿಟ್ವಾಲಾದ್ದು. ಕೊಯ್ದದ್ದು ನಾನು, ಹುಡುಕಿದ್ದು ನನ್ನ ಸೊಸೆ. ತಾಜಾ ಸೊಪ್ಪು ಇಲ್ಲೇ ಕೈಗೆ ಸಿಗುವಾಗ ಬಾಡಿದ್ದನ್ನು ಬಸ್ಸಲ್ಲಿ ತರಿಸಿ, ಮಗು ತಿನ್ನುದಿಲ್ಲ ಅಂತ ಮಗುವಿಗೇ ಬೈದವಳು ನಾನು. ಇನ್ನು ನಮ್ಮ ಮನೆಗೆ ಚೀಲ ಬರುವುದಿಲ್ಲ. ಯಾರಿಗೆ ಬೇಕೋ ಅವರು ತರಿಸ್ಕೊಳ್ಳಿ."

ಮೋಹಿನಿಯ ಕಣ್ಣು ತುಂಬಿ ಬಂತು. ಹೆಂಗಸರೆಲ್ಲ ಅವಳನ್ನು ಮುತ್ತಿಕೊಂಡರು, ಯಾವ ಟೆಂಪೋ, ಎಷ್ಟು ಹೊತ್ತಿಗೆ, ಎಲ್ಲಿ ಎಂದು. ಅತ್ತೆ ಆ ಗುಂಪನ್ನು ಸೀಳಿಕೊಂಡು ಬಂದು ಮೈಕನ್ನು ಅವಳ ಕೈಗೆ ತುರುಕಿದರು. "ಒಬ್ಬೊಬ್ಬರಿಗೆ ಎಂತ ಹೇಳುದು? ಎಲ್ಲರಿಗೂ ಕೇಳುವ ಹಾಗೆ ಹೇಳು."

ಆ ಹಾಲಿನಲ್ಲಿ ಒಂದು ದಿನವೂ ಬಾಯಿ ತೆರೆಯದಿದ್ದ ಮೋಹಿನಿ ಮೈಕು ಹಿಡಿದು ನೆಟ್ಟಗೆ ನಿಂತಳು.

"ಆದಿತ್ಯವಾರ ಬೆಳಿಗ್ಗೆ ಏಳು ಗಂಟೆಗೆ, ಠಾಕುರ್ಲಿ ಬ್ರಿಜ್ಜಿನ ಕೆಳಗೆ. ಸ್ವಲ್ಪ ಬೇಗ ಬನ್ನಿ," ಎಂದಳು, "ತಡ ಮಾಡಿದ್ರೆ ನಮ್ಮ ಅತ್ತೆ ನಿಮಗೆ ಒಂದು ಕಟ್ಟೂ ಉಳಿಸುವುದಿಲ್ಲ!"